ಮುಂದಿನ ಸ್ಪ್ರಾಕೆಟ್ 15ರಿಂದ 14 ಹಲ್ಲಿಗೆ ಇಳಿಸಿದ್ರೆ ಪಿಕಪ್ ನಿಜಕ್ಕೂ ಹೆಚ್ಚುತ್ತಾ?

ಹೈವೇಹಕ್ಕಿ:
ಎಲ್ರಿಗೂ ನಮಸ್ಕಾರ. ನನ್ನದು ಸಿಂಗಲ್ ಸಿಲಿಂಡರ್, ಆರು ಗೇರ್ ಬೈಕು. ಕಂಪನಿಯಿಂದ ಬಂದಿರೋ ಸ್ಪ್ರಾಕೆಟ್ (ಚೈನ್ ಸುತ್ತೋ ಹಲ್ಲಿನ ಚಕ್ರ) ಮುಂದೆ 15, ಹಿಂದೆ 45 ಹಲ್ಲು, 520 ಸೈಜಿನ ಚೈನ್. ಒಮ್ಮೆ ಓಟ ಹಿಡಿದ್ಮೇಲೆ ಏನೂ ದೂರಿಲ್ಲ. ಆದ್ರೆ ನಿಂತಲ್ಲಿಂದ ಎತ್ತುವಾಗ, ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಏರು ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತೆ. ಆರನೇ ಗೇರ್‌ನಲ್ಲಿ ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ತಿರುಗಿಸಿದ್ರೆ ಯೋಚನೆ ಮಾಡಿ ಮಾಡಿ ಮುಂದೆ ಹೋಗುತ್ತೆ.

ಮುಂದಿನದನ್ನ 14 ಮಾಡಿಸು, ಗಾಡಿ ಹಾರುತ್ತೆ ಅಂತ ಒಬ್ಬರು ಹೇಳ್ತಾರೆ. ಮಾಡಿಸಿದ್ರೆ ಎಂಜಿನ್ ಕೆಟ್ಟು ಕೂರುತ್ತೆ ಅಂತ ಇನ್ನೊಬ್ಬರು. ಯಾರ ಮಾತು ನಂಬಲಿ? ಮಾಡೋದೇ ಆದ್ರೆ ಮುಂದಿನದನ್ನ ಚಿಕ್ಕದು ಮಾಡೋದಾ, ಹಿಂದಿನದನ್ನ ದೊಡ್ಡದು ಮಾಡೋದಾ?

ನಟ್ಟುಬೋಲ್ಟು:
ಇಬ್ಬರನ್ನೂ ನಂಬಬೇಡಿ. ಗಾಡಿ ಹಾರಲ್ಲ, ಎಂಜಿನ್ನೂ ಕೆಡಲ್ಲ. ಮೊದಲು ಚೈನ್ ಯಾವ ಸ್ಥಿತೀಲಿದೆ ಅಂತ ಹೇಳಿ. ಹಳೇ ಚೈನ್ ಮೇಲೆ ಹೊಸ 14 ಕೂರಿಸೋ ಯೋಚನೆ ಇದ್ರೆ ಇಲ್ಲಿಗೇ ನಿಲ್ಲಿಸಿ.

ಲೆಕ್ಕದವ:
ಹಕ್ಕಿ ಅವರೇ, ಮೊದಲು ಲೆಕ್ಕ ಮುಗಿಸಿಬಿಡೋಣ, ಆಮೇಲೆ ಜಗಳ ಸುಲಭ.

ಹಿಂದಿನ ಹಲ್ಲನ್ನ ಮುಂದಿನ ಹಲ್ಲಿಂದ ಭಾಗಿಸಿ. 45/15 ಅಂದ್ರೆ 3.00. ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ಸುತ್ತಿದ್ರೆ ಹಿಂದಿನ ಚಕ್ರ ಒಂದು ಸುತ್ತು. 14 ಹಾಕಿದ್ರೆ 45/14, ಅಂದ್ರೆ 3.21. ಇದು ಸುಮಾರು 7% ಹೆಚ್ಚು. ಹಿಂದೆ 48 ಹಾಕಿ ಮುಂದೆ 15 ಹಾಗೇ ಬಿಟ್ರೆ 3.20. ಅಂದ್ರೆ ನಿಮ್ಮ ಗಾಡಿಗೆ ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ. ಸಣ್ಣ ಹೊಂದಾಣಿಕೆ ಬೇಕಿದ್ದೋರು ಹಿಂದೆ ಒಂದೋ ಎರಡೋ ಹಲ್ಲು ಏರಿಸೋದು ಇದಕ್ಕೇ: ಒಂದು ಹಲ್ಲಿಗೆ 2.2% ಮಾತ್ರ ಬದಲಾಗುತ್ತೆ.

ಈಗ ವೇಗ. ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅನ್ನ ಪ್ರೈಮರಿ ರೇಶಿಯೋ (ಎಂಜಿನ್‌ನಿಂದ ಕ್ಲಚ್‌ಗೆ ಹೋಗೋ ಗೇರ್‌ನದ್ದು), ಗೇರ್ ರೇಶಿಯೋ, ಸ್ಪ್ರಾಕೆಟ್ ರೇಶಿಯೋ ಮೂರರಿಂದಲೂ ಭಾಗಿಸಿದ್ರೆ ಚಕ್ರದ ಆರ್‌ಪಿಎಂ. ಅದನ್ನ ಟೈರ್ ಸುತ್ತಳತೆಯಿಂದ ಗುಣಿಸಿದ್ರೆ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಸಿಗುತ್ತೆ. ರೇಶಿಯೋ ಎಲ್ಲಾ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತೆ. ಉದಾಹರಣೆಗೆ ಪ್ರೈಮರಿ 2.8, ಆರನೇ ಗೇರ್ 0.9, ಟೈರ್ 140/70-17 ಅಂತ ಇಟ್ಕೊಳ್ಳಿ. ಆ ಟೈರ್ ಸುತ್ತಳತೆ ಹತ್ತಿರ ಹತ್ತಿರ 1.97 ಮೀಟರ್. 15/45ರಲ್ಲಿ ಒಟ್ಟು ರೇಶಿಯೋ 7.56. 6000 ಆರ್‌ಪಿಎಂಗೆ ಗಂಟೆಗೆ 94 ಕಿ.ಮೀ. 14/45ರಲ್ಲಿ ಒಟ್ಟು 8.10, ಅದೇ 6000ಕ್ಕೆ ಸುಮಾರು 87.5 ಕಿ.ಮೀ. ಅದೇ 94ರಲ್ಲಿ ಹೋಗ್ಬೇಕಂದ್ರೆ ಎಂಜಿನ್ 6430ರ ಹತ್ತಿರ ಸುತ್ತಬೇಕು.

ನಿಮ್ಮ ಗಾಡಿಯ ಅಂಕಿಗಳನ್ನ ಇದೇ ಥರ ಹಾಕಿ ನೋಡಿ. ಚಕ್ರಕ್ಕೆ ಸಿಗೋ ಟಾರ್ಕ್ (ತಿರುಗಿಸೋ ಬಲ) ಎಲ್ಲಾ ಗೇರ್‌ನಲ್ಲೂ 7% ಹೆಚ್ಚುತ್ತೆ, ಪ್ರತಿ ಗೇರ್‌ನಲ್ಲಿ ಹೋಗಬಹುದಾದ ಗರಿಷ್ಠ ವೇಗ 6.7% ಇಳಿಯುತ್ತೆ.

ಹೈವೇಹಕ್ಕಿ:
ಅಂದ್ರೆ ಪಿಕಪ್ 7% ಜಾಸ್ತಿ ಅಂತಲೇ ಆಯ್ತಲ್ಲ ಸರ್?

ಐದೂವರೆಗೇರು:
ಇಲ್ಲೇ ಎಲ್ಲರೂ ಜಾರೋದು. ಎಂಜಿನ್ ಎಷ್ಟು ಪವರ್ ಕೊಡ್ತಿತ್ತೋ ಅಷ್ಟೇ ಕೊಡ್ತಿದೆ. ಸ್ಪ್ರಾಕೆಟ್ ಬದಲಾಯಿಸಿದ್ರೆ ಆಗೋದು ಇಷ್ಟು: ಗೇರ್‌ಗಳನ್ನ ಏಣಿ ಅಂದ್ಕೊಳ್ಳಿ, ಮೆಟ್ಟಿಲುಗಳ ನಡುವಿನ ಅಂತರ ಹಾಗೇ ಇರುತ್ತೆ, ಇಡೀ ಏಣಿ ಸ್ವಲ್ಪ ಕೆಳಗೆ ಜಾರುತ್ತೆ.

ಲೆಕ್ಕದವರ ಅಂಕಿಯನ್ನೇ ತಗೊಳ್ಳಿ. ಐದನೇ ಗೇರ್ 1.04 ಅಂತ ಇದ್ರೆ ಹಳೇ ಐದನೇ ಗೇರ್‌ನ ಒಟ್ಟು ರೇಶಿಯೋ 8.74, ಹಳೇ ಆರನೇದು 7.56. ಹೊಸ ಆರನೇದು 8.10. ಎರಡರ ನಟ್ಟನಡುವೆ. ನನ್ನ ಹೆಸರಿನ ಗುಟ್ಟೂ ಅದೇ. ಆರನೇ ಗೇರ್‌ನಲ್ಲಿ ಓವರ್‌ಟೇಕ್‌ಗೆ ಬಲ ಸಾಲಲ್ಲ ಅಂತೀರಿ. ಎಡಗಾಲಿಂದ ಐದಕ್ಕೆ ಇಳಿಸಿದ್ರೆ ತಕ್ಷಣ 15% ಹೆಚ್ಚು ಸಿಗುತ್ತೆ, ಅದೂ ಪುಕ್ಕಟೆ. ಸ್ಪ್ರಾಕೆಟ್ ಬದಲಾಯಿಸಿದ್ರೆ ಸಿಗೋದು 7%, ಮತ್ತೆ ಅದು ಬೇಡ ಅಂದಾಗಲೂ ಬಿಟ್ಟು ಹೋಗಲ್ಲ.

ಯಾವುದೇ ವೇಗದಲ್ಲಿ ಗಾಡಿಯನ್ನ ಮುಂದೆ ತಳ್ಳೋ ಗರಿಷ್ಠ ಬಲ ಆ ಕ್ಷಣಕ್ಕೆ ಎಂಜಿನ್ ಕೊಡೋ ಪವರ್ ಅನ್ನ ವೇಗದಿಂದ ಭಾಗಿಸಿದಷ್ಟು. ಸರಿಯಾದ ಗೇರ್‌ನಲ್ಲಿದ್ರೆ ನೀವು ಆಗಲೇ ಅದರ ಹತ್ತಿರ ಇದ್ದೀರಿ. ಏಣಿ ಜಾರಿಸಿದಾಗ ಕೆಲವು ವೇಗಗಳಲ್ಲಿ ಲಾಭ, ಕೆಲವು ವೇಗಗಳಲ್ಲಿ ನಷ್ಟ. ಹಳೇ ಸೆಟ್ಟಿಂಗ್‌ನಲ್ಲಿ ಇನ್ನೂ ಮೂರನೇ ಗೇರ್ ಎಳೀತಿದ್ದ ಜಾಗದಲ್ಲಿ ಈಗ ನಾಲ್ಕಕ್ಕೆ ಹಾಕಿರ್ತೀರಿ. ಅಲ್ಲಿ ಬಲ ಕಮ್ಮಿ.

ಮಣ್ಣುದಾರಿ:
ಲೆಕ್ಕ ಸರಿ, ಆದ್ರೆ ಮೊದಲನೇ ಗೇರ್ ವಿಷಯ ಮರೀಬೇಡಿ. ಅದಕ್ಕಿಂತ ಕೆಳಗೆ ಇಳಿಸೋಕೆ ಗೇರ್ ಇಲ್ಲ. ಅಲ್ಲಿ 7% ಅಂದ್ರೆ ನಿಜವಾದ 7%.

ಕಲ್ಲು, ಜಲ್ಲಿ, ಕಡಿದಾದ ತಿರುವು ಇರೋ ಮಣ್ಣಿನ ಏರುಗಳಲ್ಲಿ ಮೊದಲನೇ ಗೇರ್ ಎತ್ತರವಾಗಿದ್ರೆ (ಅಂದ್ರೆ ರೇಶಿಯೋ ಕಮ್ಮಿ ಇದ್ರೆ) ಕ್ಲಚ್ ಅರ್ಧ ಹಿಡಿದೇ ಓಡಿಸ್ಬೇಕು. ಕ್ಲಚ್ ಪ್ಲೇಟ್ ಕಾಯ್ದು ಸುಟ್ಟ ವಾಸನೆ ಬರುತ್ತೆ, ಲಿವರ್‌ನಲ್ಲಿ ಹಿಡಿತ ಸಿಗೋ ಜಾಗ ಸರೀತಾ ಹೋಗುತ್ತೆ. ಒಂದು ಹಲ್ಲು ಕಮ್ಮಿ ಮಾಡಿದ್ಮೇಲೆ ಅದೇ ಜಾಗದಲ್ಲಿ ಕ್ಲಚ್ ಪೂರ್ತಿ ಬಿಟ್ಟು, ನಡೆಯೋ ವೇಗದಲ್ಲಿ, ಎಂಜಿನ್ ಕುಗ್ಗದೆ ಹತ್ತುತ್ತೆ. ಇಳಿಜಾರಲ್ಲಿ ಎಂಜಿನ್ ಬ್ರೇಕಿಂಗ್ ಕೂಡ ಹೆಚ್ಚು ಸಿಗುತ್ತೆ. ಇದನ್ನ ಯಾವ ಸ್ಟಾಪ್‌ವಾಚ್ ತೋರಿಸಲ್ಲ. ನಾನು ಹಲ್ಲು ಇಳಿಸಿದ್ದು ಇದಕ್ಕೇ, ರೇಸ್‌ಗಲ್ಲ.

ಐದೂವರೆಗೇರು:
ಒಪ್ದೆ. ನಿಧಾನಕ್ಕೆ ಹೋಗೋಕೆ ಬೇಕು ಅಂದ್ರೆ ನೂರಕ್ಕೆ ನೂರು ಸರಿ. ಬೇಗ ಹೋಗೋಕೆ ಅಂದ್ರೆ ನನ್ನ ತಕರಾರು.

ಲೆಕ್ಕದವ:
ಮಣ್ಣುದಾರಿ ಅವರ ‘ನಿಜವಾದ 7%’ಗೆ ಸಣ್ಣದೊಂದು ಕೊಕ್ಕೆ. ಚಕ್ರದ ಬಲ 7% ಏರುತ್ತೆ, ಸರಿ. ಆದ್ರೆ ಗಾಡಿ ವೇಗ ಹಿಡಿಯುವಾಗ ಎಂಜಿನ್ ಒಳಗಿನ ಕ್ರ್ಯಾಂಕ್, ಫ್ಲೈವೀಲ್‌ಗಳೂ ವೇಗ ಹಿಡೀಬೇಕು. ಅವುಗಳ ಜಡತ್ವ ಚಕ್ರದ ಕಡೆಯಿಂದ ನೋಡಿದ್ರೆ ರೇಶಿಯೋದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. ರೇಶಿಯೋ 7% ಏರಿದ್ರೆ ಈ ಹೊರೆ ಸುಮಾರು 15% ಏರುತ್ತೆ. ಆರನೇ ಗೇರ್‌ನಲ್ಲಿ ಇದು ಲೆಕ್ಕಕ್ಕಿಲ್ಲ, ಮೊದಲನೇ ಗೇರ್‌ನಲ್ಲಿ ಮಾತ್ರ ಗಮನಿಸುವಷ್ಟಿರುತ್ತೆ. ಹಾಗಾಗಿ ವೇಗೋತ್ಕರ್ಷ 7%ಗಿಂತ ಒಂದಿಷ್ಟು ಕಮ್ಮಿಯೇ. ಏರು ಹತ್ತೋಕೆ, ಭಾರ ಎಳೆಯೋಕೆ ಈ ಕೊಕ್ಕೆ ಇಲ್ಲ. ಅಲ್ಲಿ ಒಂದೇ ವೇಗದಲ್ಲಿ ಹೋಗ್ತಿರ್ತೀರಿ, ಬಲ ಪೂರ್ತಿ ಸಿಗುತ್ತೆ.

ಟ್ರ್ಯಾಕ್‌ಪುಟ್ಟ:
ಬ್ರೋ ಇಷ್ಟೆಲ್ಲ ಯಾಕೆ, 13 ಹಾಕ್ಸಿ! 0ಯಿಂದ 100 ಕಣ್ಣು ಮಿಟುಕಿಸೋದ್ರಲ್ಲಿ 🔥

ಲೆಕ್ಕದವ:
ಪುಟ್ಟ, ಲೆಕ್ಕ ಹಾಕೋಣ ಬಾ. ಅದೇ ಉದಾಹರಣೆ ಗಾಡಿ, ಮೂರನೇ ಗೇರ್ 1.38, ರೆವ್ ಲಿಮಿಟರ್ (ಎಂಜಿನ್ ಅತಿಯಾಗಿ ಸುತ್ತದಂತೆ ತಡೆಯೋದು) 10,000ಕ್ಕೆ ಕತ್ತರಿಸುತ್ತೆ ಅಂತ ಇಟ್ಕೋ. 15 ಹಲ್ಲಲ್ಲಿ ಮೂರನೇ ಗೇರ್ 102 ಕಿ.ಮೀ.ವರೆಗೆ ಎಳೆಯುತ್ತೆ. ಅಂದ್ರೆ 100 ಮುಟ್ಟೋಕೆ ಎರಡೇ ಸಲ ಗೇರ್ ಬದಲಾವಣೆ. 14 ಹಾಕಿದ್ರೆ ಮೂರನೇದು 95ಕ್ಕೇ ಮುಗೀತು. ನಾಲ್ಕಕ್ಕೆ ಹಾಕ್ಲೇಬೇಕು. ಆ ಒಂದು ಬದಲಾವಣೆಯಲ್ಲಿ ಕ್ಲಚ್ ಹಿಡಿದಷ್ಟು ಹೊತ್ತು ಗಾಡಿಯನ್ನ ತಳ್ಳೋರು ಯಾರೂ ಇಲ್ಲ. ಮೊದಲನೇ ಗೇರ್‌ನಲ್ಲಿ ಗಳಿಸಿದ್ದು ಇಲ್ಲಿ ಕೈಬಿಟ್ಟು ಹೋಗುತ್ತೆ. ಸೊನ್ನೆಯಿಂದ 90 ಅಳೆದ್ರೆ ಗಾಡಿ ಚುರುಕು, ಸೊನ್ನೆಯಿಂದ 100 ಅಳೆದ್ರೆ ಅದೇ ಗಾಡಿ ಮಂದ ಆಗಬಹುದು.

13 ಅಂದ್ರೆ 3.46, ಅಂದ್ರೆ 15% ಹೆಚ್ಚು. ನಿನ್ನ ಹಳೇ ಐದನೇ ಗೇರೇ ಇನ್ನು ಮುಂದೆ ಆರನೇ ಗೇರ್. ಅದಕ್ಕಿಂತ ಮೇಲೆ ಏನೂ ಇಲ್ಲ.

ಟ್ರ್ಯಾಕ್‌ಪುಟ್ಟ:
ಸರಿ ಸರ್ 😅 ಆದ್ರೆ ರೇಸ್‌ನಲ್ಲಿ ಎಲ್ರೂ ಟ್ರ್ಯಾಕ್‌ಗೆ ತಕ್ಕಂಗೆ ಸ್ಪ್ರಾಕೆಟ್ ಬದಲಾಯಿಸ್ತಾರಲ್ಲ?

ಐದೂವರೆಗೇರು:
ಅವರು ನೋಡೋದು ಬೇರೆ. ಅತಿ ಉದ್ದದ ನೇರ ದಾರಿ ಮುಗಿಯೋ ಹೊತ್ತಿಗೆ ಟಾಪ್ ಗೇರ್ ಲಿಮಿಟರ್ ಹತ್ತಿರ ಬರ್ಬೇಕು. ಜೊತೆಗೆ ಮುಖ್ಯವಾದ ತಿರುವಿನಿಂದ ಹೊರಬೀಳುವಾಗ ಎಂಜಿನ್ ಬಲ ತುಂಬಿರೋ ಆರ್‌ಪಿಎಂನಲ್ಲಿರ್ಬೇಕು, ತಿರುವಿನ ಮಧ್ಯೆ ಗೇರ್ ಬದಲಾಯಿಸೋ ಗತಿ ಬರಬಾರದು. ಅದಕ್ಕೆ ಹಿಂದೆ ಒಂದು ಹಲ್ಲು ಆಚೆ ಈಚೆ ಮಾಡ್ತಾರೆ. ಒಂದೇ ದಾರಿಯಲ್ಲಿ ಸುತ್ತೋರಿಗೆ ಅದು ಹೊಂದುತ್ತೆ. ರಸ್ತೆಯಲ್ಲಿ ನಮಗೆ ಯಾವ ತಿರುವು ಅಂತ ಗೊತ್ತು?

ದೂರದೂರು:
ನಾನು ಉಲ್ಟಾ ಪಾರ್ಟಿ. ನನ್ನದು 15ರಿಂದ 16ಕ್ಕೆ ಏರಿಸಿದ ಗಾಡಿ. 45/16 ಅಂದ್ರೆ 2.81. ದಿನವಿಡೀ ಹೆದ್ದಾರಿಯಲ್ಲಿ ಒಂದೇ ವೇಗ, ಎಂಜಿನ್ ಶಾಂತ. ಸಿಂಗಲ್ ಸಿಲಿಂಡರ್ ಅಂದ್ರೆ ಒಂದು ಆರ್‌ಪಿಎಂ ಮಟ್ಟದಲ್ಲಿ ನಡುಕ ಜೋರು. ಹ್ಯಾಂಡಲ್ ಹಿಡಿದ ಬೆರಳು ಜುಮ್ಮೆನ್ನುತ್ತೆ, ಕನ್ನಡಿಯಲ್ಲಿ ಹಿಂದಿನ ಲಾರಿ ಕಲಸಿ ಹೋಗಿರುತ್ತೆ. ಹಲ್ಲು ಬದಲಾಯಿಸಿದ್ರೆ ಆ ನಡುಕ ಬರೋ ವೇಗವೂ ಜಾಗ ಬದಲಾಯಿಸುತ್ತೆ. ಹಕ್ಕಿ ಅವರು ಇದನ್ನ ಯೋಚಿಸಿದ್ದೀರಾ? ಲೆಕ್ಕದವರ ಉದಾಹರಣೆಯಲ್ಲಿ 5500ಕ್ಕೆ ನಡುಕ ಅಂದ್ರೆ ಹಳೇದರಲ್ಲಿ 86 ಕಿ.ಮೀ.ಗೆ ಬರ್ತಿದ್ದದ್ದು 14 ಹಾಕಿದ್ರೆ 80ಕ್ಕೇ ಬರುತ್ತೆ. ನೀವು ದಿನಾ ಹೋಗೋ ವೇಗವೇ 80 ಆಗಿದ್ರೆ?

16ರ ಕಷ್ಟವನ್ನೂ ಹೇಳ್ತೀನಿ. ಲಗೇಜ್ ತುಂಬಿ ಏರಿನಲ್ಲಿ ನಿಲ್ಲಿಸಿ ಎತ್ತೋಕೆ ಕ್ಲಚ್ ಹೆಚ್ಚು ಜಾರಿಸ್ಬೇಕು. ಇನ್ನೊಂದು, ದೊಡ್ಡ ಸ್ಪ್ರಾಕೆಟ್‌ಗೆ ಒಳಗೆ ಜಾಗ ಇದೆಯಾ ನೋಡ್ಕೊಳ್ಳಿ. ಕೆಲವು ಗಾಡಿಯಲ್ಲಿ ಚೈನ್ ಕೇಸಿಂಗ್‌ಗೆ ತಾಗುತ್ತೆ.

ಹೈವೇಹಕ್ಕಿ:
ನಡುಕದ ವಿಷಯ ತಲೆಗೇ ಬಂದಿರ್ಲಿಲ್ಲ. ನನ್ನ ಗಾಡಿಯಲ್ಲೂ 5500ರ ಆಸುಪಾಸಲ್ಲೇ ಫುಟ್‌ರೆಸ್ಟ್ ಗುಂಯ್‌ಗುಟ್ಟುತ್ತೆ. ಮೈಲೇಜ್ ಎಷ್ಟು ಬೀಳುತ್ತೆ?

ದೂರದೂರು:
ಒಂದೇ ವೇಗದಲ್ಲಿ ಎಂಜಿನ್ ಹೆಚ್ಚು ಸುತ್ತಿದ್ರೆ ಒಳಗಿನ ಘರ್ಷಣೆ ಹೆಚ್ಚು, ಥ್ರಾಟಲ್ (ಆಕ್ಸಿಲರೇಟರ್) ಮೊದಲಿಗಿಂತ ಹೆಚ್ಚು ಮುಚ್ಚಿದ ಸ್ಥಿತಿಯಲ್ಲಿರೋದ್ರಿಂದ ಗಾಳಿ ಎಳ್ಕೊಳ್ಳೋ ಶ್ರಮವೂ ಹೆಚ್ಚು. ಹೆದ್ದಾರಿಯಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತೆ. ನಿಂತು ನಿಂತು ಹೋಗೋ ಊರೊಳಗಿನ ಓಟದಲ್ಲಿ ವ್ಯತ್ಯಾಸ ಹುಡುಕಿದ್ರೂ ಸಿಗೋದು ಕಷ್ಟ.

ಅಳೆಯುವಾಗ ಒಂದು ಮೋಸ ಇದೆ, ನೋಡ್ಕೊಳ್ಳಿ. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಕಡೆ ಇದ್ರೆ 14 ಹಾಕಿದ್ಮೇಲೆ ಮೀಟರ್ ನಿಜಕ್ಕಿಂತ 7% ಹೆಚ್ಚು ತೋರಿಸುತ್ತೆ, ಓಡೋಮೀಟರ್ ಕೂಡ ಅಷ್ಟೇ ಹೆಚ್ಚು ಎಣಿಸುತ್ತೆ. ‘ಹಲ್ಲು ಇಳಿಸಿದ್ರೂ ಮೈಲೇಜ್ ಬಿದ್ದಿಲ್ಲ’ ಅನ್ನೋರಲ್ಲಿ ಎಷ್ಟೋ ಜನ ಓಡೋಮೀಟರ್ ಹೇಳಿದ ಸುಳ್ಳನ್ನೇ ಪೆಟ್ರೋಲ್‌ನಿಂದ ಭಾಗಿಸಿರ್ತಾರೆ.

ನಟ್ಟುಬೋಲ್ಟು:
ಸೆನ್ಸರ್ ಮುಂದಿನ ಚಕ್ರದಲ್ಲೋ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ರಿಂಗ್‌ನಲ್ಲೋ ಇದ್ರೆ ಮೀಟರ್ ಮೊದಲಿನಂತೆಯೇ ಇರುತ್ತೆ. ಎಬಿಎಸ್‌ಗೂ ಸ್ಪ್ರಾಕೆಟ್‌ಗೂ ಸಂಬಂಧವಿಲ್ಲ, ಅದು ಚಕ್ರವನ್ನೇ ಓದುತ್ತೆ. ಆದ್ರೆ ಕೆಲವು ಗಾಡಿಗಳಲ್ಲಿ ಗೇರ್ ಇಂಡಿಕೇಟರ್ ಪ್ರತ್ಯೇಕ ಸ್ವಿಚ್ ಇಲ್ದೆ ಆರ್‌ಪಿಎಂ ಮತ್ತೆ ಚಕ್ರದ ವೇಗ ತಾಳೆ ಹಾಕಿ ಗೇರ್ ಊಹಿಸುತ್ತೆ. ಅದಕ್ಕೆ ಗೊಂದಲ ಆಗಬಹುದು.

16 ಹಾಕೋರಿಗೆ: ಸೆನ್ಸರ್ ಗೇರ್‌ಬಾಕ್ಸ್‌ನಲ್ಲಿದ್ರೆ ನಿಮ್ಮ ಮೀಟರ್ ಮೊದಲಿಗಿಂತ ಕಮ್ಮಿ ತೋರಿಸುತ್ತೆ. ನಿಜವಾದ ವೇಗ ಅದಕ್ಕಿಂತ ಹೆಚ್ಚಿರಬಹುದು. ಜಿಪಿಎಸ್ ಇಟ್ಟು ಒಮ್ಮೆ ನೋಡಿ, ದಂಡದ ಚೀಟಿ ಬರೋ ಮುಂಚೆ.

ಹೈವೇಹಕ್ಕಿ:
ಟಾಪ್ ಸ್ಪೀಡ್ ಖಂಡಿತ ಬೀಳುತ್ತೆ ಅಲ್ವಾ? ಅದರ ಆಸೆ ನನಗಿಲ್ಲ, ತಿಳ್ಕೊಳ್ಳೋಣ ಅಂತ.

ಲೆಕ್ಕದವ:
ಖಂಡಿತ ಅನ್ನೋ ಹಾಗಿಲ್ಲ. ಉದಾಹರಣೆ ಗಾಡಿ 10,000ಕ್ಕೆ ಆರನೇ ಗೇರ್‌ನಲ್ಲಿ 156 ಮುಟ್ಟಬೇಕು. ಗಾಳಿಯ ತಡೆ ಮೀರಿ ಎಂಜಿನ್‌ಗೆ 150ರವರೆಗೆ ಮಾತ್ರ ಕಸುವಿದೆ ಅಂತ ಇಟ್ಕೊಳ್ಳಿ. 14 ಹಾಕಿದ್ರೆ ಲಿಮಿಟರ್ 146ಕ್ಕೇ ತಡೆಯುತ್ತೆ, ನಾಲ್ಕು ಕಿ.ಮೀ. ಹೋಯ್ತು. ಆದ್ರೆ ಕಂಪನಿಯೇ ಆರನೇ ಗೇರ್ ತುಂಬಾ ಎತ್ತರ ಇಟ್ಟಿರೋ ಗಾಡಿಗಳೂ ಇವೆ. ಗರಿಷ್ಠ ಪವರ್ 9000ದಲ್ಲಿ ಬರುತ್ತೆ, ಆದ್ರೆ ಆರನೇ ಗೇರ್ 8000 ದಾಟೋಕೇ ಒದ್ದಾಡುತ್ತೆ. ಅಂಥದಕ್ಕೆ ಹಲ್ಲು ಇಳಿಸಿದ್ರೆ ಟಾಪ್ ಸ್ಪೀಡ್ ಏರುತ್ತೆ. ಐದನೇ ಗೇರ್‌ನಲ್ಲೇ ಗಾಡಿ ಆರನೇದಕ್ಕಿಂತ ಜೋರಾಗಿ ಹೋದ್ರೆ ನಿಮ್ಮದು ಆ ಜಾತಿ ಅಂತ ತಿಳ್ಕೊಳ್ಳಿ.

ಇನ್ನೊಂದು: ಬೇರೆ ಗಾಡಿಯವರ ಹಲ್ಲಿನ ಲೆಕ್ಕ ನೋಡಿ ನಿಮ್ಮದನ್ನ ತೀರ್ಮಾನ ಮಾಡ್ಬೇಡಿ. ಯಮಹಾ ಎಂಟಿ-07ರಲ್ಲಿ 16/43, ಕವಾಸಾಕಿ ನಿಂಜಾ 650ರಲ್ಲಿ 15/46. ಎರಡೂ ಹತ್ತಿರಹತ್ತಿರ ಒಂದೇ ಸಿಸಿಯ ಎರಡು ಸಿಲಿಂಡರ್ ಗಾಡಿಗಳು. ಒಂದರದ್ದು 2.69, ಇನ್ನೊಂದರದ್ದು 3.07. ಪ್ರೈಮರಿ ಮತ್ತೆ ಗೇರ್‌ಬಾಕ್ಸ್ ರೇಶಿಯೋ ಸೇರಿಸದೆ ಈ ಅಂಕಿಗಳಿಗೆ ಅರ್ಥವೇ ಇಲ್ಲ.

ಹೈವೇಹಕ್ಕಿ:
ಸರಿ. ನನ್ನ ಗೋಳು ಏರು ಮತ್ತೆ ನಿಂತಲ್ಲಿಂದ ಎತ್ತೋದು. ಓವರ್‌ಟೇಕ್‌ಗೆ ಗೇರ್ ಇಳಿಸೋ ಅಭ್ಯಾಸ ಮಾಡ್ಕೊಳ್ತೀನಿ, ಒಪ್ದೆ. ಈಗ ಮುಂದೆ 14ಆ, ಹಿಂದೆ 48ಆ? ರೇಶಿಯೋ ಒಂದೇ ಅಂದ್ಮೇಲೆ ಸುಲಭದ್ದನ್ನೇ ಮಾಡೋಣ ಅಂತಿದ್ದೀನಿ.

ನಟ್ಟುಬೋಲ್ಟು:
ರೇಶಿಯೋ ಒಂದೇ, ಚೈನ್‌ಗೆ ಬೀಳೋ ಏಟು ಒಂದೇ ಅಲ್ಲ.

ಗೇರ್‌ಬಾಕ್ಸ್‌ನಿಂದ ಹೊರಬರೋ ಟಾರ್ಕ್ ಅಷ್ಟೇ ಇದೆ. ಅದನ್ನ ಎಳೆಯೋ ಸ್ಪ್ರಾಕೆಟ್‌ನ ಅರ್ಧವ್ಯಾಸ ಕಮ್ಮಿ ಆದ್ರೆ ಚೈನ್ ಮೇಲಿನ ಎಳೆತ ಹೆಚ್ಚುತ್ತೆ. 14ರಲ್ಲಿ 7% ಹೆಚ್ಚು. ಹಿಂದೆ 48 ಹಾಕಿದ್ರೆ ಮುಂದಿನದು ಹಾಗೇ ಇರೋದ್ರಿಂದ ಎಳೆತ ಎಳ್ಳಷ್ಟೂ ಹೆಚ್ಚಲ್ಲ. ಚಕ್ರಕ್ಕೆ ಸಿಗೋ ಲಾಭ ಮಾತ್ರ ಅಷ್ಟೇ.

ಇನ್ನೊಂದು, ಚೈನ್ ಮಡಚೋ ಕೋನ. 15 ಹಲ್ಲಿಗೆ ಪ್ರತಿ ಕೊಂಡಿ 24 ಡಿಗ್ರಿ ಮಡಚಬೇಕು, 14ಕ್ಕೆ 25.7, 13ಕ್ಕೆ 27.7. ಚೈನ್ ಸವೆಯೋದು ಪಿನ್ನೂ ಬುಷ್ಷೂ ಉಜ್ಜೋ ಆ ಮಡಚುವಿಕೆಯಲ್ಲೇ.

ಲೆಕ್ಕದವ:
ಜೊತೆಗೆ ಚೈನ್ ದುಂಡಗೆ ಸುತ್ತಲ್ಲ, ಬಹುಭುಜದ ಥರ ಸುತ್ತುತ್ತೆ. ಸ್ಪ್ರಾಕೆಟ್ ಒಂದೇ ವೇಗದಲ್ಲಿ ತಿರುಗಿದ್ರೂ ಪ್ರತಿ ಹಲ್ಲಿಗೂ ಚೈನ್ ವೇಗ ಸ್ವಲ್ಪ ಏರಿ ಇಳಿಯುತ್ತೆ. 17 ಹಲ್ಲಿಗೆ ಈ ಏರಿಳಿತ 1.7%, 15ಕ್ಕೆ 2.2, 14ಕ್ಕೆ 2.5, 13ಕ್ಕೆ 2.9. ಹಲ್ಲು ಕಮ್ಮಿ ಆದಷ್ಟೂ ಗರಗರ ಹೆಚ್ಚು. 13ಕ್ಕಿಂತ ಕೆಳಗೆ ರಸ್ತೆ ಗಾಡಿಯಲ್ಲಿ ಇಳಿಯಬಾರದು ಅನ್ನೋದು ನನ್ನ ಅಭಿಪ್ರಾಯ.

ಮಣ್ಣುದಾರಿ:
ಅಷ್ಟು ಹೆದರಿಸಬೇಡ್ರಪ್ಪ. ಮುಂದಿನದರ ಅನುಕೂಲ ಅಂದ್ರೆ ಚೈನ್ ಅದೇ ನಡೆಯುತ್ತೆ, ಕೆಲಸವೂ ಚಿಕ್ಕದು. ನನ್ನ ಹತ್ರ 13 ಮತ್ತೆ 15 ಎರಡೂ ಇವೆ. ಮಣ್ಣಿಗೆ ಹೋಗೋ ಮುಂಚೆ 13, ವಾಪಸ್ ಬಂದು 15. ಚೈನ್ ಬಿಗಿ ಮಾಡೋ ಹಿಂದಿನ ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇದ್ರೆ ಒಂದೇ ಚೈನ್ ಸಾಕು. ಹಿಂದಿನ ದೊಡ್ಡ ಸ್ಪ್ರಾಕೆಟ್ ಹಾಕಿದ್ರೆ ಕಲ್ಲಿಗೆ ತಾಗೋ ಭಯ ಬೇರೆ.

ನಟ್ಟುಬೋಲ್ಟು:
ಮಣ್ಣಣ್ಣ, ನಿಮ್ಮ ಗಾಡಿಗೆ ನೀವೇ ಮೆಕ್ಯಾನಿಕ್, ಪ್ರತಿ ಸಲ ಬಿಚ್ಚಿ ನೋಡ್ತೀರಿ. 13ರಲ್ಲಿ ಚೈನ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಮುಂಭಾಗದ ರಬ್ಬರ್ ಪಟ್ಟಿಯನ್ನ ಜೋರಾಗಿ ಉಜ್ಜುತ್ತೆ, ಅದನ್ನ ನೀವು ಗಮನಿಸ್ತೀರಿ. ಸರ್ವಿಸ್‌ಗೆ ಬಿಟ್ಟು ಬರೋರು ಗಮನಿಸಲ್ಲ. ಪಟ್ಟಿ ತೂತಾದ್ಮೇಲೆ ಚೈನ್ ಆರ್ಮ್ ಅನ್ನೇ ಕೊರೆಯುತ್ತೆ.

ಲೆಕ್ಕದವ:
ಚಕ್ರ ಎಷ್ಟು ಸರಿಯುತ್ತೆ ಅಂತಲೂ ಹೇಳ್ಬಿಡ್ತೀನಿ. 520 ಚೈನ್‌ನ ಪಿಚ್ (ಒಂದು ಪಿನ್ನಿಂದ ಪಕ್ಕದ ಪಿನ್ನಿಗಿರೋ ಅಂತರ) 15.875 ಮಿ.ಮೀ., ಅಂದ್ರೆ 5/8 ಅಂಗುಲ. ಸಂಖ್ಯೆಯ ಮೊದಲ ಅಂಕಿ 5 ಹೇಳೋದು ಅದನ್ನೇ. 428 ಚೈನ್ ಆದ್ರೆ 4/8 ಅಂಗುಲ, 12.7 ಮಿ.ಮೀ. ಕೊನೇ ಎರಡು ಅಂಕಿ ಅಗಲಕ್ಕೆ ಸಂಬಂಧಿಸಿದ್ದು. 520, 525, 530 ಮೂರಕ್ಕೂ ಪಿಚ್ ಒಂದೇ, ಅಗಲ ಬೇರೆ. ಸ್ಪ್ರಾಕೆಟ್ ತಗೊಳ್ಳುವಾಗ ಹಲ್ಲಿನ ಲೆಕ್ಕದ ಜೊತೆ ಇದೂ ಹೊಂದಬೇಕು.

ಮುಂದೆ 14 ಹಾಕಿದ್ರೆ ಹಿಂದಿನ ಚಕ್ರ ಸುಮಾರು 3.5 ಮಿ.ಮೀ. ಹಿಂದಕ್ಕೆ ಹೋಗ್ಬೇಕು. ಹಿಂದೆ 48 ಹಾಕಿದ್ರೆ ಸುಮಾರು 13 ಮಿ.ಮೀ. ಮುಂದಕ್ಕೆ ಬರ್ಬೇಕು. ಹೊಸ ಚೈನ್ ಇದ್ದು ಅಡ್ಜಸ್ಟರ್ ಆಗಲೇ ಮುಂದಿದ್ರೆ 13 ಮಿ.ಮೀ. ಸಿಗಲ್ಲ, ಎರಡು ಕೊಂಡಿ ಉದ್ದದ ಚೈನ್ ಬೇಕು. ಒಂದು ಕೊಂಡಿ ಸೇರಿಸೋಕಾಗಲ್ಲ, ಒಳಗಿನ ಕೊಂಡಿ ಹೊರಗಿನ ಕೊಂಡಿ ಜೋಡಿಯಾಗೇ ಬರ್ಬೇಕು.

ಇದೇ ಕಾರಣಕ್ಕೆ 14ಕ್ಕೆ ಇನ್ನೊಂದು ಸಣ್ಣ ಕುಂದು. ಚೈನ್ ಕೊಂಡಿ ಯಾವಾಗಲೂ ಸಮ ಸಂಖ್ಯೆ. ಸ್ಪ್ರಾಕೆಟ್ ಹಲ್ಲೂ ಸಮ ಆದ್ರೆ ಒಂದು ಹಲ್ಲಿಗೆ ಸದಾ ಒಳಗಿನ ಕೊಂಡಿಯೇ, ಪಕ್ಕದ ಹಲ್ಲಿಗೆ ಸದಾ ಹೊರಗಿನದೇ ಸಿಗುತ್ತೆ. ಬೆಸ ಹಲ್ಲಾದ್ರೆ ಸರದಿ ಬದಲಾಗ್ತಾ ಸವೆತ ಹಂಚಿ ಹೋಗುತ್ತೆ.

ಐದೂವರೆಗೇರು:
ಇದು ಪುಸ್ತಕದ ಬದನೆಕಾಯಿ ಕಣ್ರೀ. ಕಂಪನಿಗಳೇ 14, 16 ಹಾಕಿ ಕಳಿಸ್ತಾವೆ. ನಿಂಜಾ 300ಗೆ 14/42 ಬಂದಿತ್ತು. ಎಣ್ಣೆ ಹಾಕದ ಚೈನ್ ಸವೆಯೋ ವೇಗದ ಮುಂದೆ ಈ ಸಮ-ಬೆಸ ಯಾವ ಲೆಕ್ಕ?

ಲೆಕ್ಕದವ:
ಸಣ್ಣ ಕುಂದು ಅಂತಲೇ ಹೇಳಿದ್ದು ಸ್ವಾಮಿ 🙂

ಹೈವೇಹಕ್ಕಿ:
ನನ್ನ ಚೈನ್ ಅರ್ಧ ಆಯಸ್ಸು ಮುಗಿಸಿದೆ ಅನ್ಸುತ್ತೆ. ಅಳೆಯೋದು ಹೇಗೆ? ಮತ್ತೆ ಈಗಲೇ ಮುಂದಿನದೊಂದನ್ನ ಬದಲಾಯಿಸಿ ನೋಡಿ, ಇಷ್ಟ ಆದ್ರೆ ಮುಂದೆ ಪೂರ್ತಿ ಸೆಟ್ ಹಾಕಿಸಬಹುದಾ?

ನಟ್ಟುಬೋಲ್ಟು:
20 ಪಿಚ್ ಅಳೀರಿ. ಚೈನ್ ಬಿಗಿ ಮಾಡಿ ಒಂದು ಪಿನ್ನಿನ ನಡುವಿನಿಂದ ಶುರು ಮಾಡಿ 21ನೇ ಪಿನ್ನಿನ ನಡುವಿಗೆ. ಹೊಸ 520 ಆದ್ರೆ 317.5 ಮಿ.ಮೀ. ಮಿತಿ ಎಷ್ಟು ಅಂತ ನಿಮ್ಮ ಮ್ಯಾನ್ಯುಯಲ್‌ನಲ್ಲಿರುತ್ತೆ. ಸಾಮಾನ್ಯವಾಗಿ ಒಂದೂವರೆ ಎರಡು ಪರ್ಸೆಂಟ್ ಹಿಗ್ಗಿದ್ರೆ ಅದರ ಕಥೆ ಮುಗೀತು. ಎರಡು ಮೂರು ಕಡೆ ಅಳೆದು ನೋಡಿ, ಚೈನ್ ಎಲ್ಲಾ ಕಡೆ ಒಂದೇ ಸಮ ಹಿಗ್ಗಲ್ಲ.

ಚೈನ್ ಹಿಗ್ಗಿದ್ರೆ ಅದರ ಪಿಚ್ ಹೊಸ ಸ್ಪ್ರಾಕೆಟ್‌ಗೆ ಕೂರಲ್ಲ. ರೋಲರ್ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತುತ್ತೆ, ಹೊಸ ಹಲ್ಲು ಬೇಗ ಕೊಕ್ಕೆ ಥರ ಬಾಗುತ್ತೆ. ನಿಮ್ಮ ಚೈನ್ 319ರ ಒಳಗಿದ್ರೆ ಮುಂದಿನದೊಂದನ್ನೇ ಹಾಕಿ ಪರೀಕ್ಷೆ ಮಾಡೋಕೆ ನನ್ನ ಅಡ್ಡಿ ಇಲ್ಲ. 321 ದಾಟಿದ್ರೆ ಸೆಟ್ ಬದಲಾಯಿಸೋವರೆಗೂ ಕಾಯಿರಿ, ಆಗ 48 ಹಾಕಿ ಸರಿಯಾದ ಉದ್ದದ ಚೈನೇ ತಗೊಳ್ಳಿ.

ಹೈವೇಹಕ್ಕಿ:
ಅಳೆದೆ. ಮೂರು ಕಡೆ ಅಳೆದದ್ದರಲ್ಲಿ ಹೆಚ್ಚು ಬಂದದ್ದು 318.5. ಹಾಗಾದ್ರೆ 14 ಹಾಕಿ ನೋಡ್ತೀನಿ. ನಾನೇ ಹಾಕ್ಬಹುದಾ?

ನಟ್ಟುಬೋಲ್ಟು:
ಹಾಕ್ಬಹುದು, ಟಾರ್ಕ್ ರೆಂಚ್ ಇದ್ರೆ. ಇಲ್ದಿದ್ರೆ ಬೇಡ.

ಮುಂದಿನ ಸ್ಪ್ರಾಕೆಟ್ ಕವರ್ ತೆಗೀರಿ. ಒಳಗೆ ಚೈನ್ ಗ್ರೀಸು, ಮಣ್ಣು, ಮರಳು ಸೇರಿ ಕರೀ ಜೇಡಿಯಂತೆ ಗಟ್ಟಿಯಾಗಿ ಅಂಟಿರುತ್ತೆ, ಬೆರಳಿಗೆ ತಗೊಂಡು ಉಜ್ಜಿದ್ರೆ ಮರಳು ಕೈಗೆ ಸಿಗುತ್ತೆ. ಅದನ್ನ ಮರದ ಚಕ್ಕೆಯಲ್ಲಿ ಕೆರೀರಿ. ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ, ಶಾಫ್ಟ್ ಸುತ್ತ ಆಯಿಲ್ ಸೀಲ್ ಇದೆ, ಗೀರಿದ್ರೆ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತೆ.

ನಡುವೆ ದೊಡ್ಡ ನಟ್ ಇದ್ರೆ ಅದರ ಹಿಂದೆ ಲಾಕ್ ವಾಷರ್‌ನ ಕಿವಿ ಮಡಚಿರುತ್ತೆ, ಮೊದಲು ಅದನ್ನ ಉಳಿಯಿಂದ ಬಿಡಿಸಿ. ಕೆಲವು ಗಾಡಿಗೆ ನಟ್ ಬದಲು ಎರಡು ಬೋಲ್ಟಿನ ತಟ್ಟೆ ಇರುತ್ತೆ. ನಟ್ ಸಡಿಲ ಮಾಡೋದು ಚೈನ್ ಇನ್ನೂ ಹಾಕಿರುವಾಗಲೇ. ಚಕ್ರ ನೆಲದ ಮೇಲಿರಲಿ, ಹಿಂದಿನ ಬ್ರೇಕ್ ಅನ್ನ ಇನ್ನೊಬ್ಬರು ಒತ್ತಿ ಹಿಡೀಲಿ. ಗೇರ್ ಮೇಲೆ ಮಾತ್ರ ಭಾರ ಹಾಕಿ ನಟ್ ತಿರುಗಿಸೋದು ಗೇರ್‌ಬಾಕ್ಸ್‌ಗೆ ಒಳ್ಳೇದಲ್ಲ. ಆಮೇಲೆ ಹಿಂದಿನ ಆಕ್ಸಲ್ ಸಡಿಲ ಮಾಡಿ ಚಕ್ರ ಮುಂದಕ್ಕೆ ತಳ್ಳಿ, ಚೈನ್ ಇಳಿಸಿ, ಸ್ಪ್ರಾಕೆಟ್ ಎಳೀರಿ.

ಹೊಸದು ಸ್ಪ್ಲೈನ್ (ಶಾಫ್ಟ್ ಮೇಲಿನ ಉದ್ದುದ್ದ ಗೀರುಗಳು) ಮೇಲೆ ಒಂಚೂರು ಆಡುತ್ತೆ, ಗಾಬರಿ ಬೇಡ. ಹಳೇದರಲ್ಲಿ ಯಾವ ಮುಖ ಹೊರಗಿತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಕಂಪನಿಯ ಸ್ಪ್ರಾಕೆಟ್‌ಗೆ ಪಕ್ಕದಲ್ಲಿ ರಬ್ಬರ್ ಉಂಗುರ ಇದ್ದು ಹೊಸದಕ್ಕೆ ಇಲ್ದಿದ್ರೆ ಚೈನ್ ಸದ್ದು ಹೆಚ್ಚುತ್ತೆ, ಅದು ದೋಷ ಅಲ್ಲ. ಲಾಕ್ ವಾಷರ್ ಹೊಸದೇ ಹಾಕಿ, ನಟ್‌ಗೆ ಮ್ಯಾನ್ಯುಯಲ್ ಹೇಳಿದ ಟಾರ್ಕ್ ಕೊಟ್ಟು ಕಿವಿ ಮಡಚಿ.

ಚಕ್ರ ನೇರ ಕೂರಿಸೋಕೆ ಸ್ವಿಂಗ್‌ಆರ್ಮ್ ಮೇಲಿನ ಗೀಟುಗಳನ್ನ ಕಣ್ಣುಮುಚ್ಚಿ ನಂಬಬೇಡಿ. ಎರಡೂ ಕಡೆ ಪಿವಟ್ (ಸ್ವಿಂಗ್‌ಆರ್ಮ್ ತಿರುಗೋ ಕೀಲು) ನಡುವಿನಿಂದ ಆಕ್ಸಲ್ ನಡುವಿಗೆ ಟೇಪ್ ಹಿಡಿದು ಅಳೀರಿ. ಚೈನ್ ಸಡಿಲಿಕೆ ಎಷ್ಟಿರ್ಬೇಕು ಅಂತ ಸ್ವಿಂಗ್‌ಆರ್ಮ್ ಸ್ಟಿಕ್ಕರ್ ಮೇಲೆ ಬರೆದಿರುತ್ತೆ. ಚೈನ್ ಅತಿ ಬಿಗಿ ಇರೋ ಜಾಗ ಹುಡುಕಿ ಅಲ್ಲಿ ಅಳೀರಿ.

ದೂರದೂರು:
ಬಿಗಿ ಮಾಡೋ ಹುರುಪಲ್ಲಿ ಸಡಿಲಿಕೆ ಕಮ್ಮಿ ಬಿಡೋರೇ ಜಾಸ್ತಿ. ಸಸ್ಪೆನ್ಷನ್ ಒತ್ತಿ ಮುಂದಿನ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಇರುತ್ತೆ. ನಿಂತ ಗಾಡಿಯಲ್ಲಿ ಬಿಗಿ ಕಂಡ್ರೆ ಇಬ್ಬರು ಕೂತು ಗುಂಡಿಗೆ ಇಳಿದಾಗ ಗೇರ್‌ಬಾಕ್ಸ್ ಬೇರಿಂಗ್ ಅದನ್ನ ಹೊರ್ಬೇಕು.

ಟ್ರ್ಯಾಕ್‌ಪುಟ್ಟ:
ಬಿಚ್ಚಿದ ಮೇಲೆ ಚೈನ್ ಪೆಟ್ರೋಲ್‌ನಲ್ಲಿ ತೊಳೆದ್ರೆ ಫಳಫಳ ಆಗುತ್ತೆ ಹಕ್ಕಿ ಅಣ್ಣ.

ನಟ್ಟುಬೋಲ್ಟು:
ಬೇಡ್ವೇ ಬೇಡ. ಒ-ರಿಂಗ್, ಎಕ್ಸ್-ರಿಂಗ್ ಚೈನ್‌ಗೆ ಪೆಟ್ರೋಲ್ ಹಾಕಿದ್ರೆ ರಬ್ಬರ್ ಹಾಳು, ಒಳಗಿನ ಗ್ರೀಸ್ ಹೊರಗೆ. ಸೀಮೆಎಣ್ಣೆ ಮತ್ತೆ ಮೆತ್ತನೆ ಬ್ರಷ್ ಸಾಕು. ತಂತಿ ಬ್ರಷ್ಷೂ ಬೇಡ.

ಹೈವೇಹಕ್ಕಿ:
ಹಾಕಿ ಆಯ್ತು. ಒಂಚೂರು ವರದಿ ಕೊಡ್ತೀನಿ.

ಏರಿನಲ್ಲಿ ಇಬ್ಬರು ಕೂತಾಗ ಮೊದಲು ಎರಡನೇ ಗೇರ್ ಹಾಕಿದ ತಕ್ಷಣ ಕುಗ್ಗಿ ಮತ್ತೆ ಮೊದಲನೇದಕ್ಕೆ ಬರ್ತಿದ್ದೆ. ಈಗ ಎರಡನೇದರಲ್ಲೇ ಎಳೆಯುತ್ತೆ. ಸಿಗ್ನಲ್‌ನಿಂದ ಎತ್ತುವಾಗ ಕ್ಲಚ್ ಬೇಗ ಬಿಡಬಹುದು. ಓವರ್‌ಟೇಕ್ ವಿಷಯದಲ್ಲಿ ಐದೂವರೆ ಅವರು ಹೇಳಿದ್ದೇ ನಿಜ, ಆರನೇದರಲ್ಲಿ ಪರವಾಗಿಲ್ಲ ಅನ್ನೋಷ್ಟು ವ್ಯತ್ಯಾಸ, ಐದಕ್ಕೆ ಇಳಿಸಿದ್ರೆ ಮಜಾ. ನಡುಕ ದೂರದೂರು ಅವರು ಹೇಳಿದ ಹಾಗೇ 80ರ ಹತ್ತಿರಕ್ಕೆ ಬಂದು ಕೂತಿದೆ, ಇದೊಂದು ಕಿರಿಕಿರಿ. 75ಕ್ಕೋ 88ಕ್ಕೋ ಹೋಗ್ತೀನಿ. ಮೀಟರ್ ಜಿಪಿಎಸ್‌ಗೆ ಹೋಲಿಸಿದ್ರೆ ಮೊದಲಿನಷ್ಟೇ ವ್ಯತ್ಯಾಸ, ಸೆನ್ಸರ್ ಚಕ್ರದಲ್ಲೇ ಇದೆ.

ಒಂದೇ ಸಂಶಯ. ನಿಧಾನ ವೇಗದಲ್ಲಿ ಥ್ರಾಟಲ್ ಬಿಟ್ಟು ಹಿಡಿದ್ರೆ ಗಾಡಿ ಜರ್ಕ್ ಹೊಡೆಯುತ್ತೆ. ಚೈನ್ ಲೂಸಾ?

ಮಣ್ಣುದಾರಿ:
ಸಡಿಲಿಕೆ ಸ್ಟಿಕ್ಕರ್‌ನಲ್ಲಿ ಹೇಳಿದಷ್ಟಿದ್ರೆ ಚೈನ್‌ದಲ್ಲ. ಗೇರ್ ಇಳಿದಷ್ಟೂ ಎಂಜಿನ್ ಬ್ರೇಕಿಂಗೂ ಎಳೆತವೂ ಎರಡೂ ಚಕ್ರಕ್ಕೆ ಜೋರಾಗಿ ತಲುಪುತ್ತೆ, ಕೈ ಒಂಚೂರು ಅಲುಗಿದ್ರೂ ಗೊತ್ತಾಗುತ್ತೆ. ಆ ವೇಗದಲ್ಲಿ ಮೊದಲನೇ ಗೇರ್ ಬಿಟ್ಟು ಎರಡನೇದರಲ್ಲಿ ಹೋಗಿ ನೋಡಿ. ಮೊದಲು ಆಗ್ತಿರ್ಲಿಲ್ಲ, ಈಗ ಆಗುತ್ತೆ.

ನಟ್ಟುಬೋಲ್ಟು:
ಜೊತೆಗೆ ಹಿಂದಿನ ಹಬ್‌ನ ಕುಶ್ ಡ್ರೈವ್ (ಎಳೆತದ ಜರ್ಕ್ ಹೀರ್ಕೊಳ್ಳೋ ಭಾಗ) ರಬ್ಬರ್ ನೋಡಿ. ಗಾಡಿ ನಿಲ್ಲಿಸಿ, ಚಕ್ರ ಹಿಡಿದುಕೊಂಡು ಸ್ಪ್ರಾಕೆಟ್ ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂತ ಸಡಿಲ ಆಡಿದ್ರೆ ರಬ್ಬರ್ ಸವೆದಿದೆ. ಸೆಟ್ ಬದಲಾಯಿಸುವಾಗ ಅದನ್ನೂ ಹಾಕಿಸಿಬಿಡಿ.